ಚಿಲ್ಲರೆ

ಜಲಂಧರದ ಬಸ್ತಿ ನೌ ಗಲ್ಲಿಯಲ್ಲಿ
ನಮ್ಮದು ಹಾಕಿ ಕೋಲಿನ ಅಂಗಡಿ.
ಎಲ್ಲೋ ಈ ಮರದೆಲೆ ರೇಷ್ಮೆಹುಳುವಿಗೆ ಊಟವಂತೆ,
ಇಲ್ಲಿ ಅದರ ಕಟ್ಟಿಗೆಯನ್ನು ಹಬೆಗಿಟ್ಟು ಬಗ್ಗಿಸುತ್ತಿದ್ದ ಅಪ್ಪ.
‘ಹಿಪ್ಪುನೇರಳೆ ಹಟಮಾರಿ,
ಹೊಡೆದರೆ ಸೀಳುತ್ತದೆ, ಬೆವರಿಳಿಸಿದರೆ ಬಾಗುತ್ತದೆ.’
ಹಿಡಿಗೆ ಪಟ್ಟಿ ಸುತ್ತುವುದು ನನ್ನ ಕೆಲಸ,
ಕೋಲಿಗೆ ಹತ್ತು ಪೈಸೆ.

ಗೋಡೆಯಲ್ಲಿ ಗುರುಗಳ ಪಟ.
ಅದಕ್ಕಿಂತ ಒಂದು ಗೇಣು ಕೆಳಗೆ,
ಅಮ್ಮ ಅಳೆದು ಹೊಡೆಸಿದ ಮೊಳೆಗೆ,
ಅಜಾಯಬ್ ಸಿಂಗ್.
ಅಂಟಿನ ಕಂಪನಿಯ ಕ್ಯಾಲೆಂಡರಿನಲ್ಲಿ
ಬಿಳಿ ಪ್ಯಾಡು ಕಟ್ಟಿ, ಕಾಲು ಅಗಲಿಸಿ,
ನಮ್ಮ ಕಡೆಯಿಂದಲೇ ಬರುವ ಏನನ್ನೋ
ತಡೆಯಲು ನಿಂತವನು.

ಗುರ್‌ಮೇಜಳಿಗೆ ಎಡಬದಿಯಲ್ಲಿ ಚಿಗರೆಯಂತೆ ಓಡುವವನು ಬೇಕಿತ್ತು,
ಶಿಂದೋಗೆ ಸಿನಿಮಾದ ಉದ್ದ ಕಾಲಿನ ಹೀರೊ.
ನನಗೆ ಈ ಗೋಲ್‌ಕೀಪರು.
ಯಾಕೆಂದರೆ ಏನು ಹೇಳಲಿ?
ಚೆಂಡು ಆಚೆ ತುದಿಯಲ್ಲಿದ್ದಾಗಲೂ
ಬೂಟಿನಿಂದ ಗೆರೆಯ ಸುಣ್ಣ ಕೆರೆಯುತ್ತ
ಒಬ್ಬನೇ ಗೊಣಗಿಕೊಳ್ಳುತ್ತಾನೆ ಎಂದು
ಕಾಮೆಂಟರಿಯವನು ಒಮ್ಮೆ ನಗುತ್ತ ಹೇಳಿದ್ದ.
ಒಬ್ಬಳೇ ಗೊಣಗುವವಳು ನಾನೂ.

ಅಮ್ಮನ ದೇವರು ಬೇರೆ: ರೇಡಿಯೊದಲ್ಲಿ ಹಾಡುವ ಒಬ್ಬ ಹೆಂಗಸು.
ಪತ್ರಿಕೆಯಲ್ಲಿ ಫೋಟೊ ಬಂದಿದೆ, ನೋಡು ಎಂದರೆ
‘ಮುಖ ಯಾಕೆ?
ರೊಟ್ಟಿ ತಟ್ಟುವಾಗ ಪುರುಸೊತ್ತಾಗಿರುವುದು ಕಿವಿ, ಕಣ್ಣಲ್ಲ.’

ಬಿಸಿಲಿಗಿಟ್ಟು ಜೀವ ಕೊಟ್ಟ ಎರಡೇ ಸೆಲ್ಲು.
ಫೈನಲ್ಲಿನ ರಾತ್ರಿ
ತನ್ನ ಅರ್ಧ ಗಂಟೆಯ ಹಾಡು ಬಿಟ್ಟುಕೊಟ್ಟಳು.
ಆ ಸಾಲ ಅವಳ ಕೊನೆಯವರೆಗೂ ನನ್ನ ಮೇಲಿತ್ತು,
ಪಲ್ಯಕ್ಕೆ ಉಪ್ಪು ಹೆಚ್ಚಾದಾಗಲೆಲ್ಲ ನೆನಪಿಸುತ್ತಿದ್ದಳು.

ನಾಲ್ಕು ನಿಮಿಷ ಬಾಕಿ ಇತ್ತು.
ಚೆಂಡು ಅವನ ಕಾಲುಗಳ ನಡುವೆಯೇ ನುಸುಳಿತು ಅಂದರು.
ಅಂದರು, ಅಷ್ಟೆ. ನಾವು ಕಂಡದ್ದೇನು?
ಒಂದು ಮರದ ಡಬ್ಬಿ ಉಸಿರು ಹಿಡಿದು
ಆಮೇಲೆ ಯಾವುದೋ ದೇಶದವರ ಕೇಕೆ ಹಾಕಿತು.

ಮರುದಿನ ಚೌಕದಲ್ಲಿ ಅವನ ಬೊಂಬೆ ಸುಟ್ಟರು.
ಕಟ್ಟಿಗೆ ನಮ್ಮಂಗಡಿಯದೇ, ಸೀಳಿದ ಕೋಲುಗಳು.
ಅಪ್ಪ ಬೇಡವೆನ್ನಲಿಲ್ಲ. ಗಿರಾಕಿಗಳು ತಾನೆ.
ಸಂಜೆ ಬಂದು ಕ್ಯಾಲೆಂಡರನ್ನು
ಗೋಡೆಗೆ ಮುಖ ಮಾಡಿ ತೂಗುಹಾಕಿದ.
ಬಿಳಿ ಬೆನ್ನು ಕಂಡದ್ದೇ ತಡ
ಅಮ್ಮ ಅದರ ಮೇಲೆ ಉದ್ರಿ ಬರೆಯತೊಡಗಿದಳು:
ಸಾಸಿವೆ ಎಣ್ಣೆ, ಸೀಮೆಸುಣ್ಣ, ಹಾಲಿನವನ ಬಾಕಿ.

ಅವಳು ಹೋದ ಮೇಲೆ ತಿರುಗಿಸಿ ನೋಡಿದೆ.
ಶಾಯಿ ಇಂಗಿತ್ತು.
ಅಜಾಯಬನ ಎದೆ, ತೊಡೆ, ಎರಡು ಕಾಲುಗಳ ನಡುವಿನ ಆ ಜಾಗ,
ಎಲ್ಲ ಕಡೆ ತಲೆಕೆಳಗಾದ ನಮ್ಮ ಮನೆಯ ಅಂಕಿಗಳು.
ಹನ್ನೊಂದು ವರ್ಷ
ನಮ್ಮ ಸಾಲವನ್ನು ತಡೆಯುತ್ತ ನಿಂತಿದ್ದ ಪುಣ್ಯಾತ್ಮ.

ಆಮೇಲೆ ನಾರಿನ ಕೋಲು ಬಂತು. ಅಚ್ಚಿನಿಂದ ಬೀಳುತ್ತದೆ,
ಬೆವರುವುದಿಲ್ಲ.
ಉಳಿದ ಮರದ ಕೋಲುಗಳನ್ನು ಗೋಣಿಯಲ್ಲಿ ಹೊಲಿದು
ಕಂಟೋನ್ಮೆಂಟ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹೋದೆ,
ಝಾನ್ಸಿಯ ಯಾವುದೋ ಶಾಲೆಗೆ ಕಳಿಸಲು.

ಗುಮಾಸ್ತನಿಗೆ ನೆರೆತ ಗಡ್ಡ, ಕಿವಿಯ ಸಂದಿಯಲ್ಲಿ ಪೆನ್ನು.
ತೂಕದ ಕಲ್ಲಿಗೋ ಮೇಲಧಿಕಾರಿಗೋ ಬೈಯುತ್ತ
ಒಬ್ಬನೇ ಗೊಣಗುತ್ತಿದ್ದ.
ಚಿಲ್ಲರೆ ಎಣಿಸುವಾಗ ನನ್ನ ಕೈಯಿಂದ
ಒಂದು ರೂಪಾಯಿ ಜಾರಿ
ಸಿಮೆಂಟಿನ ಮೇಲೆ ಗಾಲಿಯಾಗಿ
ಮೋರಿಯ ಕಡೆಗೆ ಓಡಿತು.

ಅವನು ತಲೆ ಎತ್ತಲಿಲ್ಲ.
ಕಣ್ಣು ರಸೀದಿಯಲ್ಲೇ ಇತ್ತು.
ಎಡಗಾಲು ಮಾತ್ರ
ಹಿಮ್ಮಡಿ ಊರಿ, ಪಾದ ಹೊರಕ್ಕೆ ತಿರುಗಿಸಿ,
ಯಾರನ್ನೂ ಕೇಳದೆ ಹೋಗಿ
ಅದನ್ನು ನಿಲ್ಲಿಸಿತು.

ನನ್ನ ಗಂಟಲಲ್ಲಿ ಒಂದು ಹೆಸರು ಬಂದು ನಿಂತಿತು.
ಅದನ್ನು ನಾನು ತಡೆದೆ.
ಬೊಂಬೆಯ ಕಟ್ಟಿಗೆ ಯಾರದೆಂದು ಅವನು ಕೇಳಿದ್ದರೆ?

‘ಒಳಗೇನು?’
‘ಹಾಕಿ ಕೋಲು. ಇಪ್ಪತ್ತನಾಲ್ಕು.’
ಪೆನ್ನು ಒಂದು ಗಳಿಗೆ ನಿಂತಂತಾಯಿತು, ಅಥವಾ ಶಾಯಿ ಮುಗಿದಿತ್ತು.
‘ಒಡೆಯುವ ಸಾಮಾನಾ?’
ಇಲ್ಲ ಎಂದೆ.
ಹಾಗೇ ಬರೆದುಕೊಂಡ.

ಆ ರೂಪಾಯಿಯನ್ನು
ಗುರುಗಳ ಪಟದ ಹಿಂದೆ ಇಡಬೇಕೆಂದು
ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟವಳು
ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಚಹಾಕ್ಕೆ ಕೊಟ್ಟೆ.
ಬಾಯಾರಿತ್ತು.